ಕಗ್ಗಲ್ಲು ಮೆಲೋಡೀಸ್

"ಬೆರಳು ಬಿಡಿಸ್ರಪ್ಪ, ಅಂಗೈ ಮೇಲೆ ಲಿಂಗ ಇಡಬೇಕು," ಎಂದು ಅಯ್ನೋರು ಎರಡನೆಯ ಸಲ ಹೇಳಿದಾಗ, ಹೆಣವನ್ನು ಗೋಡೆಗೆ ಒರಗಿಸಿ ಹಿಡಿದಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು. ಮೀಯಿಸಿ, ವಿಭೂತಿ ಬಳಿದು, ಚಕ್ಕಂಬಕ್ಕಳ ಹಾಕಿಸಿ ಕೂರಿಸಿಯಾಗಿತ್ತು. ಕಾಂತರಾಜನ ಎಡಗೈ ಮಾತ್ರ ಬಿಗಿದ ಮುಷ್ಟಿಯಾಗಿ ತೊಡೆಯ ಮೇಲೆ ಬಿದ್ದಿತ್ತು. ಒಬ್ಬ ಹೆಬ್ಬೆರಳನ್ನು ಎಳೆದು ನೋಡಿ, ಎಲ್ಲಿ ಮುರಿದೀತೋ ಎಂದು ಹೆದರಿ ಬಿಟ್ಟುಬಿಟ್ಟ.

"ಬಿಡಿ, ನಾನು ಬಿಡುಸ್ತೀನಿ," ಎಂದು ಕಾಂತರಾಜನ ಹೆಂಡತಿ ಭಾವನಾ ಎದ್ದಳು.

ಗಂಡನ ಎದುರು ಮಂಡಿಯೂರಿ, ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಿರುಬೆರಳಿನಿಂದ ಶುರು ಮಾಡಿ ಒಂದೊಂದಾಗಿ ಬಿಡಿಸಿದಳು. ಬೆರಳ ತುದಿಗಳು ಮೆತ್ತಗಿದ್ದವು. ಮದುವೆಯಾದ ಹೊಸತರಲ್ಲಿ ಇದೇ ತುದಿಗಳು ಗಿಟಾರಿನ ತಂತಿ ಒತ್ತಿ ಒತ್ತಿ ಹುಣಸೆಬೀಜದಂತೆ ಜಡ್ಡುಗಟ್ಟಿದ್ದವು. ಬೆನ್ನ ಮೇಲೆ ಕೈಯಾಡಿಸಿದರೆ ತರಚುತ್ತಿತ್ತು. ಯಾವಾಗ ಮೆತ್ತಗಾದವೋ ಅವಳು ಹೇಳಲಾರಳು. ಆದರೆ ಊರಿಗೆ, ಸ್ನೇಹಿತರಿಗೆ, ಯಾರಿಗೂ ತಿಳಿಯುವ ಮೊದಲು ಅದು ಅವಳ ಬೆನ್ನಿಗೆ ತಿಳಿದಿತ್ತು.

ಅಯ್ನೋರು ಲಿಂಗ ಇಟ್ಟರು. ಅತ್ತೆ ಗುರುಶಾಂತಮ್ಮ ಮತ್ತೆ ದನಿ ತೆಗೆದು ಅಳತೊಡಗಿದರು. ಬಾಗಿಲ ಬಳಿ ನಿಂತವರಲ್ಲಿ ಯಾರೋ ಹೇಳುತ್ತಿದ್ದರು: "ಏನ್ ಕೈ ಕಣ್ರೀ ಅದು! ಸಾಯೋ ದಿನಾನೂ ಮದ್ವೆ ಮನೇಲಿ ಎಲ್ಲಾರ್ನೂ ಕುಣ್ಸವ್ನೆ."

ಕುಣಿಸಿದ್ದು ನಿಜ. ಹಿಂದಿನ ದಿನ ಎಚ್.ಡಿ. ಕೋಟೆಯಲ್ಲಿ ಒಂದು ಆರತಕ್ಷತೆಗೆ ವಾದ್ಯಗೋಷ್ಠಿ ನಡೆಸಿಕೊಟ್ಟು, ಟೆಂಪೊಗೆ ಸಾಮಾನು ತುಂಬುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ವಯಸ್ಸು ಇನ್ನೂ ನಲವತ್ತು ಮುಟ್ಟಿರಲಿಲ್ಲ.

*

ಭಾವನಾ ಅವನನ್ನು ಮೊದಲು ನೋಡಿದ್ದು ತೊಂಬತ್ತಮೂರರಲ್ಲಿ, ಹುಣಸೂರಿನಲ್ಲಿ ಅವಳು ಓದುತ್ತಿದ್ದ ಕಾಲೇಜಿನ ವಾರ್ಷಿಕೋತ್ಸವದ ದಿನ. ಉದ್ದ ಕೂದಲಿನ ಮೂವರು ಹುಡುಗರು ವೇದಿಕೆ ಹತ್ತಿದರು. ಗಿಟಾರ್ ಹಿಡಿದವನು ಭೇರ್ಯದ ಕಾಂತರಾಜ, ಡ್ರಮ್ಸ್‌ಗೆ ಮಿರ್ಲೆಯ ಶಶಿ, ಹಾಡುವವನು ಕೆ.ಆರ್. ನಗರದ ಶಿವಶಂಕರ. ಹಿಂದೆ ಕಟ್ಟಿದ್ದ ಹಳೆಯ ಬೆಡ್‌ಶೀಟಿನ ಮೇಲೆ ಕಪ್ಪು ಬಣ್ಣದಲ್ಲಿ ತಂಡದ ಹೆಸರು, 'ಕಗ್ಗಲ್ಲು' ಎಂದು ಬರೆದಿತ್ತು. ಸಿನಿಮಾ ಹಾಡು ಬರುತ್ತದೆಂದು ಕಾದಿದ್ದವರಿಗೆ ಅವರು ತಾವೇ ಕಟ್ಟಿದ್ದ 'ಹೊಟ್ಟಿನ ಬೆಂಕಿ' ಎಂಬ ಹಾಡನ್ನು ಶುರು ಮಾಡಿದರು.

ಮೊದಲು ಗಿಟಾರು ಒಂದೇ ಸ್ವರದಲ್ಲಿ ನಿಧಾನಕ್ಕೆ ನಡುಗಿತು. ಆ ನಡುಕ ಏರುತ್ತಾ ಏರುತ್ತಾ ಇನ್ನೇನು ತಡೆಯಲಾಗದು ಎನ್ನುವಾಗ, ಅಟ್ಟದಿಂದ ಮೂಟೆ ಬಿದ್ದಂತೆ ಡ್ರಮ್ಸ್ ಬಿತ್ತು. ಮುಂದಿನ ಸಾಲಿನ ಅತಿಥಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಗೆಳತಿಯರು ಕಿವಿ ಮುಚ್ಚಿಕೊಂಡು ಭಾವನಾಳ ಕೈ ಎಳೆದರು. ಕೂತ ಬೆಂಚು ಅದುರುತ್ತಿತ್ತು, ಅವಳಿಗೆ ಭಯವಾಗಿತ್ತು. ಆದರೂ ಏಳಲಿಲ್ಲ.

ಮೂರು ವರ್ಷ ಕಳೆದು, ಪಿರಿಯಾಪಟ್ಟಣದ ಅವಳ ಮನೆಗೆ ಹೆಣ್ಣು ನೋಡಲು ಬಂದ ಹುಡುಗ ಕೂದಲನ್ನು ಗಂಟು ಹಾಕಿ ಅಂಗಿಯ ಕಾಲರಿನೊಳಗೆ ಬಚ್ಚಿಟ್ಟುಕೊಂಡಿದ್ದ. ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವಳೇ ಕೇಳಿದಳು: "ಆ ಹಾಡಿನ ಸುರೂಲಿ ಏನೋ ನಡುಗುತ್ತಲ್ಲ, ಅದೇನದು?"

ಅವನು ಬೆರಗಾಗಿ ನೋಡಿದ. "ನಮ್ಮಪ್ಪನ ಅಕ್ಕಿ ಮಿಲ್ಲು. ಬೆಲ್ಟು ತಿರುಗೋಕೆ ಶುರುವಾದಾಗ ಇಡೀ ಮನೆ ಅಂಗೇ ನಡುಗುತ್ತೆ. ಅವರ ಮುಂದೆ ಹೇಳ್ಬೇಡಿ ಮತ್ತೆ. ಗಿಟಾರು ಕಂಡ್ರೆ ಅಪ್ಪಂಗಾಗಲ್ಲ."

ಅಪ್ಪ ನಂಜಣ್ಣನವರಿಗೆ ಅದು ತಗಡು ಬಡಿಯುವ ಸದ್ದು. ಮಗನ ಒಂದು ಕಾರ್ಯಕ್ರಮಕ್ಕೂ ಅವರು ಹೋದವರಲ್ಲ. ಸಂಜೆ ಮಿಲ್ಲು ನಿಂತ ಮೇಲೆ ಮೂವರೂ ಗೋದಾಮಿನಲ್ಲಿ ಸೇರಿ ನುಡಿಸುತ್ತಿದ್ದರೆ, ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಊರೊಳಗೆ ಹೋಗಿಬಿಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಭಾವನಾ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಆ ದಿನಗಳಲ್ಲಿ ಕಾಂತರಾಜ ಮೈಸೂರಿನಿಂದ ವಿದೇಶಿ ಬ್ಯಾಂಡುಗಳ ಕ್ಯಾಸೆಟ್ಟುಗಳನ್ನು ತರುತ್ತಿದ್ದ. ಅವನು ದೇವರೆಂದು ತಿಳಿದಿದ್ದ ಒಂದು ಬ್ಯಾಂಡಿನ ಹೊಸ ಕ್ಯಾಸೆಟ್ಟು ಹಾಕಿ, ಅರ್ಧಕ್ಕೇ ನಿಲ್ಲಿಸಿದ್ದು ಅವಳಿಗೆ ನೆನಪಿದೆ.

"ಇವ್ರೂ ಕೆಟ್ರು ಕಣೆ. ಎಲ್ಲಾ ಮೆತ್ತಗೆ."

"ವಯಸ್ಸಾಯ್ತೇನೋ, ಪಾಪ."

"ವಯಸ್ಸಲ್ಲ. ಇಷ್ಟಕ್ಕೇ ಜನ ಚಪ್ಪಾಳೆ ಹೊಡೀತಾರಲ್ಲ, ಸಾಕು ಅನ್ಸಿರುತ್ತೆ."

*

ಮಧ್ಯಾಹ್ನದ ಹೊತ್ತಿಗೆ ಶಶಿ ತನ್ನ ಟೆಂಪೊದಲ್ಲಿ ಬಂದ. ಅವನೀಗ ಮಿರ್ಲೆಯಲ್ಲಿ ಶಾಮಿಯಾನ, ಮೈಕುಗಳನ್ನು ಬಾಡಿಗೆಗೆ ಕೊಡುತ್ತಾನೆ. ಗೆಳೆಯನ ಮುಂದೆ ಸ್ವಲ್ಪ ಹೊತ್ತು ನಿಂತು, ಕೈ ಮುಗಿದು, ಅಂಗಳಕ್ಕೆ ಬಂದು ಮುಖ ತೊಳೆದುಕೊಂಡ.

"ಭಜನೆಗೆ ಮೈಕು ತಂದೀನಿ ಅತ್ತಿಗೆ. ಇಷ್ಟೇ ನನ್ ಕೈಲಾಗೋದು," ಎಂದ.

ಜಗಲಿಯ ಮೇಲೆ ಬೆಳಗಿನಿಂದ ಕೂತಿದ್ದ ನಂಜಣ್ಣ ಎದ್ದು ಅವನ ಹತ್ತಿರ ಬಂದರು. ಜೀವಮಾನವೆಲ್ಲ ಮಿಲ್ಲಿನೊಳಗಿದ್ದು ಅವರ ಕಿವಿ ಮಂದವಾಗಿತ್ತು. ಅದಕ್ಕೇ ಅವರ ಮಾತು ಯಾವಾಗಲೂ ಜೋರು.

"ಶಶಿ, ನನ್ ಮಗನ ಆಡಿನ ಕ್ಯಾಸೆಟ್ಟು ಐತೇನ್ಲಾ?"

ಶಶಿ ಭಾವನಾಳ ಮುಖ ನೋಡಿದ. "ಒಂದೈತೆ, ಅಪ್ಪಾಜಿ. ಎಲ್ಡು ವರ್ಷದ ಹಿಂದೆ ಮಾಡಿದ್ದು."

"ಆಕ್ಲಾ ಅದ್ನ. ದಾರಿ ಉದ್ದಕ್ಕೂ ಆಕು."

"ಅದು ಬೇಡ ಮಾವ. ಭಜನೆ ಸಾಕು," ಎಂದು ಭಾವನಾ ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಯಾಕವ್ವ? ಊರೋರೆಲ್ಲ ಕೇಳವ್ರೆ, ಅತ್ತವ್ರೆ, ಕುಣ್ದವ್ರೆ. ಎತ್ತಪ್ಪ ನಾನು, ಒಂದಿನಾನೂ ಕೂತ್ಕಂಡು ಕೇಳ್ಲಿಲ್ಲ ಕಣವ್ವ. ಇವತ್ತೂ ಬ್ಯಾಡ ಅಂತೀಯಾ?"

ಶಶಿ ತಗ್ಗಿದ ದನಿಯಲ್ಲಿ ಹೇಳಿದ: "ಹಳೇದು ಯಾವ್ದೂ ರೆಕಾರ್ಡ್ ಆಗ್ಲಿಲ್ಲ ಅತ್ತಿಗೆ. ಇರೋದು ಇದೊಂದೇಯ."

*

ಕಗ್ಗಲ್ಲು ಒಂದೇ ದಿನಕ್ಕೆ ಕರಗಿದ್ದಲ್ಲ. ಮೊದಲು ಶಿವಶಂಕರ ಸರ್ಕಾರಿ ಕೆಲಸ ಸಿಕ್ಕಿ ರಾಯಚೂರಿಗೆ ಹೋದ. ಆಮೇಲೆ ಮದುವೆಗಳಿಗೆ, ಗಣಪತಿ ಪೆಂಡಾಲುಗಳಿಗೆ ಸಿನಿಮಾ ಹಾಡು ನುಡಿಸಲು ಕರೆ ಬಂತು. ಒಂದು ವರ್ಷ ಮಾತ್ರ ಎಂದು ಕಾಂತರಾಜ ಒಪ್ಪಿಕೊಂಡ. ಗುಂಡಿ ಒತ್ತಿದರೆ ತಾನೇ ತಾಳ ಹೊಡೆಯುವ ಕೀಬೋರ್ಡು ಬಂದ ಮೇಲೆ ಶಶಿಯ ಡ್ರಮ್ಸ್ ಬೇಡವಾಯಿತು. ಅದನ್ನು ಹೇಳಲು ಮಿರ್ಲೆಗೆ ಹೋದವನು ಹೇಳದೆಯೇ ವಾಪಸು ಬಂದ; ಮುಂದಿನ ಕಾರ್ಯಕ್ರಮಕ್ಕೆ ಕರೆಯಲಿಲ್ಲ, ಅಷ್ಟೆ. ಬೋರ್ಡಿನ ಮೇಲೆ 'ಕಗ್ಗಲ್ಲು' ಪಕ್ಕದಲ್ಲಿ 'ಮೆಲೋಡೀಸ್' ಸೇರಿತು. ಜನ ಮೊದಲಿಗಿಂತ ಹೆಚ್ಚು ಬಂದರು. ಮನೆಯಲ್ಲಿ ಅಭ್ಯಾಸ ನಿಂತಿತು.

ಒಂದು ಭಾನುವಾರ ಅವನು ಗೋದಾಮಿನ ಬಾಗಿಲು ತೆಗೆದು, ಒಬ್ಬನೇ ಕೂತು 'ಹೊಟ್ಟಿನ ಬೆಂಕಿ' ಶುರು ಮಾಡಿದ. ಭಾವನಾ ಕಾಫಿ ಹಿಡಿದು ಬಾಗಿಲಲ್ಲಿ ನಿಂತಳು. ನಡುಕ ಏರಬೇಕಾದಲ್ಲಿ ಬೆರಳು ತಪ್ಪಿತು. ಮತ್ತೆ ಮೊದಲಿಂದ ಹಿಡಿದ. ಅದೇ ಜಾಗದಲ್ಲಿ ಮತ್ತೆ ತಪ್ಪಿತು. ಆಮೇಲೆ ಆ ಜಾಗವನ್ನೇ ಹಾರಿಸಿ, ಉಳಿದದ್ದನ್ನು ಹೇಗೋ ಮುಗಿಸಿ, ತಲೆ ಎತ್ತಿ ಕೇಳಿದ: "ಎಂಗಿತ್ತು?"

"ಚೆನ್ನಾಗಿತ್ತು," ಎಂದಳು.

ಅವನು ಅವಳನ್ನೇ ನೋಡಿದ. "ನಿಂಗಾದ್ರೂ ಕೇಳ್ಸುತ್ತೆ ಅಂದ್ಕಂಡಿದ್ದೆ."

ಆ ಮಾತು ಅವಳಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಹಾಗಾಗಿ, ಯಾರೋ ಕ್ಯಾಸೆಟ್ ಕಂಪನಿಯವರ ಮಾತು ಕೇಳಿ ಅವನು ಅದೇ ಹಾಡನ್ನು ಮತ್ತೆ ಮಾಡಿದಾಗ ಅವಳು ಸುಳ್ಳು ಹೇಳಲಿಲ್ಲ. ಶುರುವಿನ ನಡುಕವನ್ನು ಕತ್ತರಿಸಿದ್ದರು. ಮಾತು ಬದಲಾಗಿ ಪ್ರೇಮಗೀತೆಯಾಗಿತ್ತು. ಕೀಬೋರ್ಡಿನ ಕೊಳಲು, ಟಿಕ್ಕು ಟಿಕ್ಕೆನ್ನುವ ತಾಳ, ಅದರ ಕೆಳಗೆಲ್ಲೋ ಜೋಲುಮೋರೆಯ ಗಿಟಾರು.

"ಇದು ನಿಮ್ಮದಲ್ಲ," ಎಂದಳು.

ಅವನು ಕೋಪ ಮಾಡಿಕೊಳ್ಳಲಿಲ್ಲ. ಹೂಂ ಎಂದು ತಲೆಯಾಡಿಸಿದ. ಮೊದಲೇ ಶಶಿಗೆ ಕಳಿಸಿದ್ದ ಒಂದನ್ನು ಬಿಟ್ಟು, ಮಾರಾಟಕ್ಕೆಂದು ಬಂದಿದ್ದ ಕ್ಯಾಸೆಟ್ಟುಗಳ ಪೆಟ್ಟಿಗೆಗಳನ್ನು ಮಾರನೆಯ ಬೆಳಿಗ್ಗೆ ಗಾಡಿಗೆ ಕಟ್ಟಿಕೊಂಡು ಹೋಗಿ ನಾಲೆಗೆ ಸುರಿದು ಬಂದ. "ಅದು ಈ ಮನೇಲಿ ಯಾವತ್ತೂ ಕೇಳಿಸ್ಬಾರ್ದು ಕಣೆ," ಎಂದ. ಸಂಜೆ ಪಿರಿಯಾಪಟ್ಟಣದ ಒಂದು ನಾಮಕರಣಕ್ಕೆ ನುಡಿಸಲು ಹೋದ.

*

ಭಾವನಾ ಮಾವನ ಮುಖ ನೋಡಿದಳು. ಗಲ್ಲದ ಮೇಲಿನ ಬಿಳಿ ಕುರುಚಲು ಗಡ್ಡ ಒದ್ದೆಯಾಗಿತ್ತು. ಒಳಗೆ ಗೋಡೆಗೆ ಒರಗಿ ಕೂತವನಿಗೆ ಇನ್ನು ಯಾವುದೂ ಕೇಳಿಸದು. ಇವರಿಗೆ ಇನ್ನೂ ಅಷ್ಟಿಷ್ಟು ಕೇಳಿಸುತ್ತದೆ.

"ಹಾಕು ಶಶಿ," ಎಂದಳು.

ಅಲಂಕರಿಸಿದ ಕುರ್ಚಿಯಲ್ಲಿ ಕಾಂತರಾಜ ಮುಂದೆ ಹೋದ. ಹಿಂದೆ ನಿಧಾನಕ್ಕೆ ಟೆಂಪೊ, ಅದರ ಹಿಂಬದಿಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಸ್ಪೀಕರ್ ಬಾಕ್ಸು. ಕೊಳಲು, ಟಿಕ್ಕು ಟಿಕ್ಕು, ಪ್ರೇಮಗೀತೆ. ದಾರಿಯ ಮನೆಗಳವರು ಹೊರಬಂದು ನಿಂತರು. ಎಷ್ಟು ಇಂಪಾಗಿದೆ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಶಶಿ ಸ್ಟೇರಿಂಗು ಹಿಡಿದು ನೇರ ರಸ್ತೆಯನ್ನೇ ನೋಡುತ್ತಿದ್ದ. ಭಾವನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಡೆದಳು. ಅಳು ತಡೆಯಲು ಎಂದುಕೊಂಡು ಹೆಂಗಸರು ಅವಳ ತೋಳು ಹಿಡಿದರು.

ಗದ್ದೆಯ ಬದಿಯಲ್ಲಿ ಗುಂಡಿ ತೆಗೆದಿದ್ದರು. ಅದರೊಳಗೆ ಅವನನ್ನು ಕೂರಿಸಿ, ಅಯ್ನೋರು ಮಂತ್ರ ಹೇಳುತ್ತಿದ್ದಂತೆ, ನಂಜಣ್ಣ ವಿಭೂತಿಗಟ್ಟಿಗಳನ್ನು ಅಂಗೈಯಲ್ಲಿ ಪುಡಿ ಮಾಡಿ ಮಾಡಿ ಮಗನ ಸುತ್ತ ತುಂಬಿದರು. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಪತ್ರೆ, ಉಪ್ಪು, ಆಮೇಲೆ ಮಣ್ಣು. ಗುಂಡಿ ಮುಚ್ಚಿ ಮುಗಿದಾಗ ಟೆಂಪೊದಲ್ಲಿ ಅದೇ ಹಾಡು ಮತ್ತೆ ಬಂದಿತ್ತು.

ನಂಜಣ್ಣ ಬಂದು ಬಾಕ್ಸಿನ ಮುಂದೆ ನಿಂತರು. ಕಿವಿ ಸಾಲದೆ ಅಂಗೈಯನ್ನು ಅದರ ಮೇಲಿಟ್ಟರು.

"ಚೆನ್ನಾಗೈತೆ ಕಣ್ಲಾ ಶಶಿ. ಮೊದ್ಲಿಂದ್ಲೂ ಇಂಗೇ ನುಡ್ಸಿದ್ರೆ ನಾನ್ಯಾಕ್ಲಾ ಬೈತಿದ್ದೆ ಅವನ್ನ?"

ಶಶಿ ತಲೆ ತಗ್ಗಿಸಿದ. ಭಾವನಾಳಿಗೆ ತಡೆಯಲಾಗಲಿಲ್ಲ. ಅವರ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು:

"ಮಾವ, ಇದು ನಿಮ್ಮ ಮಿಲ್ಲಿನ ಹಾಡು. ಚಿಕ್ಕಂದಿನಿಂದ ಆ ಸದ್ದು ಕೇಳಿ ಕೇಳಿ ಕಟ್ಟಿದ್ದು. ನಿಮಗೆ ಹೇಳೋಕೆ ಹೆದರ್ತಿದ್ರು."

ನಂಜಣ್ಣ ಬೆಚ್ಚಿ ಅವಳತ್ತ ನೋಡಿದರು. "ನನ್ ಮಿಲ್ಲಿಂದಾ?"

ಇನ್ನೊಂದು ಅಂಗೈಯನ್ನೂ ಬಾಕ್ಸಿಗೆ ಒತ್ತಿದರು. ಕಣ್ಣು ಮುಚ್ಚಿ ಹಣೆಯನ್ನೂ ತಾಗಿಸಿದರು. ಕೊಳಲು ಬಂತು, ಹೋಯಿತು. ಟಿಕ್ಕು ಟಿಕ್ಕು ಬಿಡದೆ ನಡೆದಿತ್ತು. ಹಾಡು ಅರ್ಧಕ್ಕೂ ಹೆಚ್ಚು ಕಳೆದ ಮೇಲೆ ಅವರು ತಲೆ ಎತ್ತಿ, ದಾರಿ ತಪ್ಪಿದವರಂತೆ ಕೇಳಿದರು:

"ಎಲ್ಲವ್ವಾ? ಮಿಲ್ಲು ಎಲ್ಲೈತೆ ಇದ್ರಲ್ಲಿ?"

ಭಾವನಾ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

ಹಾಡು ಮುಗಿದು ಟೇಪು ಬರಿದೇ ಸರಗುಟ್ಟಿತು. ಶಶಿ ಆರಿಸಿದ. ಗುರುಶಾಂತಮ್ಮ ಬಂದು ಗಂಡನ ರಟ್ಟೆ ಹಿಡಿದು ನಾಲೆಯ ಕಡೆ ಕರೆದುಕೊಂಡು ಹೋದರು. ಉಳಿದವರೂ ಕೈಕಾಲು ತೊಳೆಯಲು ಹಿಂದೆ ಹೊರಟರು.

ಬಾಕ್ಸಿನ ಕಪ್ಪು ಬಟ್ಟೆಯ ಮೇಲೆ ವಿಭೂತಿಯ ಎರಡು ಅಂಗೈಗಳು ಬೆರಳು ಬೆರಳಾಗಿ ಮೂಡಿದ್ದವು, ನಡುವೆ ಹಣೆಯ ಗುರುತು. ಒರೆಸಲೆಂದು ಶಶಿ ಟವೆಲು ತೆಗೆದವನು ಹಾಗೇ ಕೈಬಿಟ್ಟು, ಮುಂದೆ ಹೋಗಿ ಕೀಲಿ ತಿರುಗಿಸಿದ. ಇಂಜಿನ್ನು ಶುರುವಾದದ್ದೇ ಗಾಡಿಯೆಲ್ಲ ನಡುಗಿತು, ಬಾಕ್ಸೂ ನಡುಗಿತು. ಕಪ್ಪು ಬಟ್ಟೆಯ ಮೇಲಿನ ಬೆರಳುಗಳು ತುದಿಯಿಂದ ಒಂದೊಂದಾಗಿ ಉದುರತೊಡಗಿದವು.