ತೆರೊದ ಕಿವಿ

"ಕೇಳಿಸ್ತು ಅಕ್ಕಾ! ತೆರೊ ಮೂಲಕಾನೇ ಕೇಳಿಸ್ತು! ಗಂಟೆ ಹೊಡೆದ ಹಾಗೆ!"

ಹೆಡ್‌ಫೋನಿನಲ್ಲಿ ಒವೀದಿಯೊನ ದನಿ ಮೊಳಗಿತು. ಬಲಗೈಯಲ್ಲಿ ಮೈಕು ಹಿಡಿದಿದ್ದ ಎದೆಲ್ಮಿರಾಳ ಕಣ್ಣು ತುಂಬಿ ಬಂತು. ಅಬ್ಬಾ, ಎಂಟು ತಿಂಗಳಾಗಿತ್ತು!

ತೆರೊ ಎಂದರೆ ಪಂಪಾ ಹುಲ್ಲುಬಯಲಿನ ಆ ಊರಿನ ಹವ್ಯಾಸಿ ಹ್ಯಾಮ್ ರೇಡಿಯೊ ಸಂಘದವರು ತಾವೇ ಕಟ್ಟಿ, ಆ ಬಯಲಿನ ಟಿಟ್ಟಿಭದಂಥ ಹಕ್ಕಿಯೊಂದರ ಹೆಸರಿಟ್ಟು ಮೇಲೆ ಕಳಿಸಿದ, ಬೂಟಿನ ಡಬ್ಬಿಯಷ್ಟು ಪುಟ್ಟ ಉಪಗ್ರಹ. ಕೆಳಗಿನವರ ಮಾತು ಕೇಳಿಸಿಕೊಂಡು ಮತ್ತೆ ಕೆಳಕ್ಕೆ ಸಾರುವುದು ಅದರ ಕೆಲಸ. ಎಂಟು ತಿಂಗಳಿಂದ ಅದು ಬೀಪ್ ಬೀಪ್ ಎನ್ನುತ್ತಿತ್ತೇ ಹೊರತು ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅದರ ಕಿವಿಯನ್ನು, ಅಂದರೆ ರಿಸೀವರನ್ನು, ಬೆಸೆದವಳು ಎದೆಲ್ಮಿರಾ. ಇದೇ ಅಡುಗೆಮನೆಯ ಮೇಜಿನ ಮೇಲೆ. 'ಮುದುಕಿಯ ಬೆಸುಗೆ ಬಿಟ್ಟುಕೊಂಡಿದೆ' ಎಂದು ಸಂಘದಲ್ಲಿ ಆಡಿಕೊಳ್ಳುತ್ತಿದ್ದರು. ನಾಳಿನ ಸಭೆಯಲ್ಲಿ ಹಾಗೆಂದೇ ಬರೆದು ತೆರೊದ ಕಡತ ಮುಚ್ಚುವವರಿದ್ದರು. ನಲವತ್ತು ವರ್ಷ ಊರಿನ ಟಿ.ವಿ.ಗಳನ್ನೆಲ್ಲ ರಿಪೇರಿ ಮಾಡಿದ ಕೈಗೆ ಈ ಮಾತು!

ಉಪಗ್ರಹ ದಿಗಂತ ದಾಟಿತು. ಹೆಡ್‌ಫೋನ್ ತೆಗೆದಿಡುವಾಗ ಅವಳ ಕಣ್ಣು ತನ್ನ ಎಡಗೈ ಮೇಲೆ ಬಿತ್ತು. ಅದು ಮಡಿಲಲ್ಲಿ ತೆಪ್ಪಗೆ ಬಿದ್ದಿತ್ತು. ಓಡುವ ಉಪಗ್ರಹದಿಂದ ಬರುವ ದನಿ, ದಾಟಿ ಹೋಗುವ ರೈಲಿನ ಸೀಟಿಯ ಹಾಗೆ, ಜಾರುತ್ತಲೇ ಇರುತ್ತದೆ. ಎಡಗೈಯಲ್ಲಿ ರೇಡಿಯೊದ ಗುಂಡಿ ತಿರುಗಿಸುತ್ತಾ ಬೆನ್ನು ಹತ್ತಬೇಕು. ಒವೀದಿಯೊನ ದನಿ ಎರಡು ನಿಮಿಷವೂ ಇದ್ದಲ್ಲೇ ಇತ್ತು.

ಅರ್ಧ ಗಂಟೆಯಲ್ಲಿ ಒವೀದಿಯೊನೇ ಬಂದ. ನಾಲ್ಕು ಬೀದಿ ಆಚೆಯವನು, ಅವಳ ಹತ್ತಿರವೇ ಬೆಸುಗೆ ಕಲಿತವನು. ಕೈಯಲ್ಲಿ ಸಹಿ ಮಾಡಿದ ಕಾರ್ಡು. ಮಾತಾಡಿದ್ದು ನಿಜ ಎಂಬುದಕ್ಕೆ ಹ್ಯಾಮ್‌ಗಳಲ್ಲಿ ಅದೇ ಸಾಕ್ಷಿ. ಅದರಲ್ಲಿ ಸುಳ್ಳು ಬರೆದವನ ಮುಖವನ್ನು ಮತ್ತೆ ಯಾರೂ ನೋಡುವುದಿಲ್ಲ.

"ನಾಳೆ ಇದನ್ನ ಅವರ ಮುಖಕ್ಕೆ ಹಿಡೀರಿ ಅಕ್ಕಾ. ಎಲ್ಲರ ಬಾಯಿ ಬಂದ್!"

ಅವಳು ಮಾಟೆ ಸೊಪ್ಪಿನ ಕಷಾಯ ಕುಡಿಯುವ ಸೋರೆಬುರುಡೆಗೆ ಬಿಸಿನೀರು ಹುಯ್ದು ಅವನ ಕೈಗಿತ್ತಳು. "ನಾನು ಒಂದ್ಸಲಾನೂ ಗುಂಡಿ ತಿರುಗಿಸ್ಲಿಲ್ಲ ಕಣೋ."

ಹೀರುವ ಕೊಳವೆ ಅವನ ತುಟಿಯ ಹತ್ತಿರವೇ ನಿಂತಿತು.

"ತೆರೊ ಹಕ್ಕಿ ಬುದ್ಧಿ ನಿಂದು. ಮೊಟ್ಟೆ ಒಂದ್ಕಡೆ, ಕೂಗೋದು ಇನ್ನೊಂದ್ಕಡೆ. ನಿನ್ನ ಮನೆಯಿಂದ ನೇರ ಮಾತಾಡ್ದೆ, ಅಲ್ವಾ?"

"ಅವರು ನಿಮ್ಮ ಕೈಯನ್ನ ಆಡ್ಕೊಳೋದು ಕೇಳೋಕಾಗ್ಲಿಲ್ಲ ಅಕ್ಕಾ," ಎಂದ ಅವನು, ತಲೆ ಎತ್ತದೆ. "ಅಷ್ಟಕ್ಕೂ, ಮೇಲೆ ಹೋಗಿ ನೋಡೋರು ಯಾರಿದಾರೆ?"

"ಯಾರೂ ಇಲ್ಲ. ಅದೇ ನನ್ನ ಸಂಕಟ. ಬೆಸುಗೆ ಬಿಟ್ಟಿದ್ಯೋ ಇಲ್ವೋ, ನಂಗೂ ಗೊತ್ತಾಗಲ್ಲ."

ಅವಳು ಕಾರ್ಡನ್ನು ಎಳೆದುಕೊಂಡು, 'ತೆರೊ ಮೂಲಕ' ಎಂಬುದನ್ನು ಹೊಡೆದುಹಾಕಿ, 'ನೇರ, ನಾಲ್ಕು ಬೀದಿ' ಎಂದು ಬರೆದಳು. ಅದರ ಕೆಳಗೆ ತನ್ನ ಸಹಿ ಹಾಕಿ, ಗೋಡೆಯ ಮೇಲಿದ್ದ ಉಳಿದ ಕಾರ್ಡುಗಳ ನಡುವೆ ಸಿಕ್ಕಿಸಿದಳು.

ಭೂಮಿಗೆ ಇನ್ನೊಂದು ಸುತ್ತು ಹಾಕಿ ತೆರೊ ಮತ್ತೆ ಬಂತು.

"ಇನ್ನೊಂದ್ಸಲ ಕರೆದು ನೋಡಿ ಅಕ್ಕಾ," ಎಂದ ಒವೀದಿಯೊ.

ಎದೆಲ್ಮಿರಾ ಎಡಗೈಯನ್ನು ಗುಂಡಿಯ ಮೇಲಿಟ್ಟಳು. ಬೀಪ್ ಬೀಪ್ ಜಾರುತ್ತಾ ಹೋಯಿತು. ಕೂದಲೆಳೆಯಷ್ಟೇ, ಮತ್ತೆ ಕೂದಲೆಳೆಯಷ್ಟೇ ತಿರುಗಿಸುತ್ತಾ, ಅದು ಮುಳುಗುವವರೆಗೂ ಬೆನ್ನು ಹತ್ತಿದಳು. ಮೈಕು ಕೊಕ್ಕೆಯಲ್ಲೇ ಇತ್ತು.