ಗಿಡ್ಡಕ್ಕನ ಎದೆಮಟ್ಟ

ಏಳು ಸಮುದ್ರ ದಾಟಿ ಹುಡುಕಿದರೂ ಅಂಥ ಕಾಲೇಜು ಸಿಗುತ್ತಿರಲಿಲ್ಲ. ಅದು ಉಗುಳುವ ಇಂಗಾಲವನ್ನೆಲ್ಲ ಅದರ ಮರಗಳೇ ನುಂಗಿ ನೀರು ಕುಡಿಯುತ್ತವೆಂದು ಗೇಟಿನ ಮೇಲೆ ಆನೆ ಗಾತ್ರದ ಬೋರ್ಡು: 'ಇಂಗಾಲ ಶೂನ್ಯ ಆವರಣ'. ಬೋರ್ಡು ಏರಿಸಿದ ದಿನ ಪ್ರಿನ್ಸಿಪಾಲರ ಎದೆ ಎಷ್ಟು ಉಬ್ಬಿತೆಂದರೆ, ಕೋಟಿನ ಗುಂಡಿ ಸಿಡಿದು ಎದುರಿನ ಅಂಗಡಿಯ ಗಾಜು ಪುಡಿಯಾಯಿತು.

ಆ ಸೊನ್ನೆಯನ್ನು ಸಂಪಾದಿಸಿಕೊಟ್ಟವರು ಅಕ್ಕ-ತಮ್ಮ. ಇತಿಹಾಸದ ಪಾಠ ಹೇಳುತ್ತಿದ್ದ ಅಕ್ಕ ಎಷ್ಟು ಕುಳ್ಳಿಯೆಂದರೆ, ಮೇಜಿನ ಹಿಂದೆ ನಿಂತರೆ ಪಾಠವೆಲ್ಲ ಅಶರೀರವಾಣಿ. ಎಲ್ಲರಿಗೂ ಅವಳು ಗಿಡ್ಡಕ್ಕ. ತಮ್ಮ ಅದೇ ಕಾಲೇಜಿನ ಎಲೆಕ್ಟ್ರಿಷಿಯನ್, ಏಣಿಯಿಲ್ಲದೆ ಬಲ್ಬು ಬದಲಿಸುವ ಆಳು, ಅವನು ಕಂಬ. 'ಒಲ್ಲೆ' ಎನ್ನಲು ಬಾರದ ಗಿಡ್ಡಕ್ಕನ ಕೊರಳಿಗೆ ಪ್ರಿನ್ಸಿಪಾಲರು ಮರ ಅಳೆಯುವ ಕೆಲಸ ಕಟ್ಟಿದ್ದರು. ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯಬೇಕು ಎಂಬುದಷ್ಟೇ ಅವಳಿಗೆ ಸಿಕ್ಕ ಸೂಚನೆ.

"ಯಾರ ಎದೆ ಮಟ್ಟ ಅಕ್ಕಾ?" ಟೇಪು ಹಿಡಿಯಲು ಜೊತೆಗೆ ಬಂದ ಕಂಬ ಕೇಳಿದ.

"ಕೆಲಸ ಯಾರ ತಲೆ ಮೇಲೆ ಬಿದ್ದಿದೆಯೋ ಅವರದ್ದು. ಬಗ್ಗೋ ಕಂಬ! ಬಗ್ಗಿದ್ರೆ ಕರೆಂಟೇನೂ ಹೋಗಲ್ಲ."

ಹೀಗೆ ಪ್ರತಿ ಮರಕ್ಕೂ ಗಿಡ್ಡಕ್ಕನ ಎದೆಯೆತ್ತರಕ್ಕೆ ಕೆಂಪು ಗೆರೆ ಬಿತ್ತು.

ಬೇಸಿಗೆಯಲ್ಲಿ ಗಿಡ್ಡಕ್ಕ ಜ್ವರದಿಂದ ತೀರಿಕೊಂಡಳು. ಕಂಬ ಅಳಲಿಲ್ಲ. ಒಳಗಿನ ಮೇನ್ ಸ್ವಿಚ್ಚನ್ನೇ ಯಾರೋ ಆರಿಸಿದಂತಿತ್ತು. ಕುದಿಯುವ ಚಹಾ ಗಟಗಟನೆ ಕುಡಿದರೂ ನಾಲಿಗೆಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಎಡಗಾಲ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಇಡೀ ದಿನ ತಿರುಗಿದರೂ ಕಾಲು ದೂರು ಹೇಳುತ್ತಿರಲಿಲ್ಲ. ಬೆಳಿಗ್ಗೆ ಮೀಟರ್ ಕೋಣೆಗೆ ಹೋಗುವಾಗ ಕೈ ಮಾತ್ರ ತಾನಾಗಿಯೇ ಆ ಗೆರೆಗಳನ್ನು ಸವರುತ್ತಿತ್ತು. ಅಕ್ಕ ಇಷ್ಟೆತ್ತರ ಇದ್ದಳು ಎನ್ನಲು ಭೂಮಿಯ ಮೇಲೆ ಉಳಿದದ್ದು ಅವಷ್ಟೇ.

ಇಂಗಾಲದ ಲೆಕ್ಕ ಪರಿಶೀಲಿಸಲು ಪರೀಕ್ಷಕಿಯೊಬ್ಬಳು ಬಂದಳು. ಮರಗಳನ್ನು ನೋಡಿ ಬಂದವಳೇ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಳು. ಹಿಮಕರಡಿ ಬಂದು ಮರಿ ಹಾಕಬಹುದಾದಷ್ಟು ತಣ್ಣನೆಯ ಕೋಣೆ ಅದು. ಏಸಿಗೆ ರಜೆಯೆಂಬುದೇ ಇರಲಿಲ್ಲ. ಕಂಬ ಬಾಗಿಲಲ್ಲಿ ನಿಂತಿದ್ದ.

"ಎದೆಮಟ್ಟ ಅಂದ್ರೆ ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್. ಇಲ್ಲಿ ಗೆರೆ ಒಂದು ಮೀಟರ್ ಹತ್ರಾನೇ ಇದೆ. ಇದು ಯಾರ ಎದೆ ಸಾರ್?"

ಪ್ರಿನ್ಸಿಪಾಲರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. "ನಂದಲ್ಲ!"

"ಕೆಳಗೆ ಅಳೆದಷ್ಟೂ ಮರ ದಪ್ಪ. ದಪ್ಪ ಇದ್ದಷ್ಟೂ ಹೆಚ್ಚು ಇಂಗಾಲ ನುಂಗಿದ ಲೆಕ್ಕ. ನಿಮ್ಮದು ಸುಳ್ಳು ಸೊನ್ನೆ."

ಪ್ರಿನ್ಸಿಪಾಲರ ಮುಖ ಸುಣ್ಣವಾಯಿತು. "ಕಂಬಾ, ಹೊಸ ಗೆರೆ ಎಳಿ, ಹಳೇದನ್ನ ಉಜ್ಜಿ ತೆಗಿ. ಮರಕ್ಕೆ ಎರಡೆರಡು ಎದೆ ಇದ್ರೆ ನೋಡಿದವರು ನಗ್ತಾರೆ."

"ಆಗ್ಲಿ ಸಾರ್," ಎಂದ ಕಂಬ.

ತಂತಿ ಬ್ರಷ್ಷು ಹಿಡಿದು ಹೊರಟ. ಮರ ಮರವಾಗಿ ಉಜ್ಜಿದ. ಕೆಂಪು ಪುಡಿ ಕೈಗೆ, ಅಂಗಿಗೆ, ಹುಬ್ಬಿಗೆ ಮೆತ್ತಿತು. ದುಃಖ ಬರಬಹುದೇನೋ ಎಂದು ಒಂದೆರಡು ಕಡೆ ನಿಂತು ಕಾದ. ಬರಲಿಲ್ಲ. ಮತ್ತೆ ಉಜ್ಜಿದ.

ಜನರೇಟರ್ ಶೆಡ್ಡಿನ ಹಿಂದಿನ ಹೆಮ್ಮರವೊಂದೇ ಉಳಿಯಿತು. ಗೆರೆ ಅವನ ಹೊಟ್ಟೆಯ ಮಟ್ಟಕ್ಕಿತ್ತು. ಬ್ರಷ್ಷು ಹಿಡಿದ ಕೈ ಮೇಲೇಳಲಿಲ್ಲ. ಪರೀಕ್ಷಕಿ ಟೇಪಿನೊಂದಿಗೆ ಬಂದಳು.

"ಮೇಡಂ, ಈ ಮರ ಎಣಿಸ್ಬೇಡಿ."

"ಯಾಕ್ರೀ?"

"ಎಣಿಸಿದ್ರೆ ಉಜ್ಜಬೇಕು."

ಅವಳು ಗೆರೆಯನ್ನೂ ಅವನ ಎತ್ತರವನ್ನೂ ನೋಡಿದಳು. "ಯಾರದ್ದು?"

"ನಮ್ಮಕ್ಕಂದು."

ಟೇಪು ಸುತ್ತಿಕೊಳ್ಳುತ್ತ ಅವಳೆಂದಳು, "ದೊಡ್ಡ ಮರ ಕಣ್ರೀ. ಬಿಟ್ರೆ ಕೊರತೆ ಇನ್ನೂ ಜಾಸ್ತಿ. ಕರೆಂಟು ಉರಿಸಿದಷ್ಟೂ ಇಂಗಾಲ, ಅಷ್ಟು ಕರೆಂಟು ಎಲ್ಲಾದ್ರೂ ಉಳಿಸ್ಬೇಕಾಗುತ್ತೆ."

"ಉಳಿಸ್ತೀನಿ."

ಕಂಬ ನೇರವಾಗಿ ಮೀಟರ್ ಕೋಣೆಗೆ ಹೋದ. ಪ್ರಿನ್ಸಿಪಾಲರ ಏಸಿಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಬಿಸಿಯಿತ್ತೋ ಏನೋ, ತೊಡೆಗೆ ತಿಳಿಯಲಿಲ್ಲ. ಮತ್ತೆ ಮರದ ಬಳಿ ಬಂದು ಗೆರೆಯ ಎತ್ತರಕ್ಕೆ ಬಗ್ಗಿ ನಿಂತ.

ಆನೆ ಘೀಳಿಟ್ಟಂತೆ ಕಿಟಕಿಯಿಂದ ಕೂಗು ಬಂತು. "ಕಂಬಾ! ಕರೆಂಟ್ ಹೋಯ್ತೇನೋ?"

"ಇಲ್ಲ ಸಾರ್," ಎಂದ ಕಂಬ, ಬಗ್ಗಿಕೊಂಡೇ. "ಬಗ್ಗಿದ್ರೆ ಹೋಗಲ್ಲ."