ಒರೆಸದ ಬೆರಳು

ಎಂಬತ್ತು ಕಿಲೋಮೀಟರಿನ ಓಟದಲ್ಲಿ ಐವತ್ತೈದನ್ನು ಮುಗಿಸಿ ಅಂಚೆಯಾಕೆ ಶಾಲೆಯ ಮೈದಾನದ ಡೇರೆಗೆ ಬಂದಾಗ ಹನ್ನೆರಡೂಕಾಲು. ಮಧ್ಯಾಹ್ನ ಒಂದರೊಳಗೆ ಅಲ್ಲಿಂದ ಹೊರಡದಿದ್ದರೆ ಎದೆಯ ಮೇಲಿನ ನಂಬರು ಕಿತ್ತುಕೊಟ್ಟು ಮನೆಗೆ ಹೋಗಬೇಕು. ಹನ್ನೊಂದನೇ ವಯಸ್ಸಿಗೇ ಟೈಪ್ ಒನ್ ಸಕ್ಕರೆ ಕಾಯಿಲೆ ಅಂಟಿಸಿಕೊಂಡವಳು ಇಷ್ಟು ಓಡಿದ್ದೇ ದೊಡ್ಡದು ಎಂದು ನೋಡಿದವರೆಲ್ಲ ಹೇಳುತ್ತಾರೆ. ಆ ಮಾತು ಕೇಳಿದರೇ ಅವಳಿಗೆ ಮೈ ಉರಿಯುತ್ತದೆ. ಬೇಕಾದದ್ದು ಎಂಬತ್ತು.

ಡೇರೆಯಲ್ಲಿ ಅಕ್ಕ ಕಾದಿದ್ದಳು. ಅಕ್ಕ ಇಪ್ಪತ್ತೈದು ವರ್ಷದಿಂದ ನರ್ಸು; ಅದಕ್ಕಿಂತ ಹಳೆಯ ಕೆಲಸವೆಂದರೆ ತಂಗಿಯ ಬಾಯಿ ಕಾಯುವುದು. ಸಕ್ಕರೆ ಅಳೆಯಲು ತಂಗಿಯ ತೋಳಿಗೆ ಅಂಟಿಸಿದ್ದ ಸೆನ್ಸರು ಬೆವರಿಗೆ ಕಳಚಿ ಎಲ್ಲೋ ಬಿದ್ದುಹೋಗಿತ್ತು. ಹಾಗಾಗಿ ಅಕ್ಕ ಅವಳ ಬೆರಳು ಎಳೆದುಕೊಂಡು, ಒರೆಸುವ ಗೋಜಿಗೂ ಹೋಗದೆ ಚುಚ್ಚಿ, ರಕ್ತದ ಹನಿಯನ್ನು ಮೀಟರಿಗೆ ತಾಗಿಸಿದಳು.

"ಮುನ್ನೂರ ಅರವತ್ತು! ಏನೇ ಕದ್ದು ತಿಂದೆ?"

"ಏನೂ ತಿಂದಿಲ್ಲ. ಕೈ ನಡುಗ್ತಿದೆ, ತಣ್ಣಗೆ ಬೆವರ್ತಿದೀನಿ. ಶುಗರ್ ಇಳಿದಿದೆ ಅಕ್ಕ, ಏರಿಲ್ಲ. ಇನ್ನೊಂದ್ ಸಲ ನೋಡು."

"ಮೀಟರ್ ಸುಳ್ಳು ಹೇಳತ್ತಾ? ನೀನು ಹೇಳ್ತೀಯ."

ಅಕ್ಕ ಇನ್ಸುಲಿನ್ ಪೆನ್ನು ತೆಗೆದು ಆರು ಯೂನಿಟ್ಟಿಗೆ ತಿರುಗಿಸಿದಳು. ಸಕ್ಕರೆ ಇಳಿದ ಮೈಗೆ ಆ ಆರು ಯೂನಿಟ್ಟು ಹೋದರೆ ಓಟದ ಮಾತು ಹಾಗಿರಲಿ, ಎಚ್ಚರವೇ ಉಳಿಯುವುದಿಲ್ಲ. ಇಬ್ಬರಿಗೂ ಇದು ಗೊತ್ತು. ಗೊತ್ತಿದ್ದೂ ಒಬ್ಬಳು ಹೊಟ್ಟೆಗೆ ಚುಚ್ಚಲು ಇನ್ನೊಬ್ಬಳ ಅಂಗಿ ಎತ್ತಲು ಹೊರಟಿದ್ದಳು!

ಅಂಚೆಯಾಕೆಗೆ ಪಿತ್ತ ನೆತ್ತಿಗೇರಿತು. ಅಕ್ಕನ ಕೈಯನ್ನು ರಪ್ಪನೆ ತಳ್ಳಿದಳು. ತಳ್ಳಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಆಗ ಹೊಳೆಯಿತು. ಹಿಂದಿನ ದಿಬ್ಬದಲ್ಲಿ ಸಕ್ಕರೆ ಜೆಲ್ಲಿನ ಪೊಟ್ಟಣ ಒಡೆದು, ಬಾಯಿಗೆ ಹೋಗಬೇಕಾದದ್ದೆಲ್ಲ ಕೈಗೆ ಮೆತ್ತಿಕೊಂಡಿತ್ತು. ಮೀಟರು ಅಳೆದದ್ದು ಆ ಅಂಟನ್ನು. ಪಕ್ಕದಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಓಟಗಾರನ ನೀರಿನ ಬಾಟಲಿಯನ್ನು ಕೇಳದೆಯೇ ಕಿತ್ತುಕೊಂಡು ಕೈ ತೊಳೆದಳು, ಒರೆಸಿದಳು, ತಾನೇ ಚುಚ್ಚಿಕೊಂಡಳು.

ಐವತ್ತೆರಡು.

ಅಕ್ಕನ ಮುಖ ಬಿಳಿಚಿಕೊಂಡಿತು. ಗ್ಲೂಕೋಸ್ ಪುಡಿ ಕದಡಿ ಕೊಟ್ಟಳು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಸಕ್ಕರೆ ಏರಲು ಹದಿನೈದು ನಿಮಿಷ ಕಾಯಬೇಕಾಯಿತು, ಸಾಲದೆ ಇನ್ನೂ ಹದಿನೈದು. ಕಣ್ಣೆದುರೇ ಓಟಗಾರರು ಒಬ್ಬೊಬ್ಬರಾಗಿ ಹೊರಟುಹೋದರು.

"ಶುಗರ್ ಇಳಿದಾಗ ನಿಂಗೆ ಹೀಗೇ ಕೋಪ ಬರತ್ತೆ," ಎಂದು ಅಕ್ಕ ದೊಡ್ಡ ಮನಸ್ಸು ಮಾಡಿದಳು. "ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ. ಹೋಗ್ಲಿ ಬಿಡು, ನಾನು ಮನಸ್ಸಿಗೆ ಹಚ್ಕೊಳಲ್ಲ."

ಅಂಚೆಯಾಕೆ ಮತ್ತೆ ಚುಚ್ಚಿಕೊಂಡು ಮೀಟರನ್ನು ಅಕ್ಕನ ಮೂಗಿನೆದುರು ಹಿಡಿದಳು.

"ನೂರ ಮೂವತ್ತು. ನಿನ್ನ ಮೀಟರೇ ಹೇಳ್ತಿದೆ, ನಾನೀಗ ಸರಿಯಾಗಿದೀನಿ. ಈಗ ಕೇಳು. ನಂಗೆ ಹನ್ನೆರಡು ವರ್ಷ ಇದ್ದಾಗ, ಶುಗರ್ ಜಾಸ್ತಿ ಬಂತು ಅಂತ ನೆಂಟರ ಮುಂದೆ ಕೆನ್ನೆಗೆ ಬಾರಿಸಿ, ಸ್ಕೂಲ್ ಬ್ಯಾಗ್ ಎಲ್ಲಾ ಕೊಡವಿದೆಯಲ್ಲ, ಚಾಕ್ಲೇಟ್ ಎಲ್ಲಿ ಬಚ್ಚಿಟ್ಟಿದೀಯ ಅಂತ. ಏನೂ ಸಿಗಲಿಲ್ಲ. ನಂಗೆ ಜ್ವರ ಇತ್ತು ಅಕ್ಕ, ಅದಕ್ಕೇ ಏರಿತ್ತು. ನೀನು ಹಣೆ ಮುಟ್ಟಿ ನೋಡ್ಲಿಲ್ಲ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು.

"ಬೇಡ. ಇದು ಶುಗರ್‌ದಲ್ಲ, ನನ್ನದೇ ಕೋಪ. ಮುಂದಿನ ಡೇರೆಗೆ ನೀನು ಬರಬೇಡ."

ಒಂದಕ್ಕೆ ಇನ್ನು ಮೂರು ನಿಮಿಷವಿತ್ತು. ಅವಳು ಶೂ ದಾರ ಬಿಗಿದು ಹೊರಟಳು.